ನಾನು ಕ್ಲೀನ್ ಮಾಡಿದ ಬರೆ

ಹುಲ್ಲು ಕೆತ್ತುವ ನನ್ನ ಮಮ್ಮಟಿಯನ್ನು ನನ್ನ ಹೆಂಡತಿ ಸರೋಜ ಹೋದ ವರ್ಷವೇ ಅಟ್ಟಕ್ಕೆ ಹಾಕಿದ್ದಳು, ಈಗ ಅಟ್ಟದ ಏಣಿಯನ್ನೂ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದ್ದಾಳೆ. ಏಣಿ ಯಾವಾಗ ವಾಪಸ್ ಬರುತ್ತದೆ ಎಂದು ಕೇಳಿದರೆ, ಅವರ ಕರಿಮೆಣಸು ಕುಯ್ದು ಮುಗಿದ ಮೇಲೆ ಎನ್ನುತ್ತಾಳೆ. ಈಗಿನ್ನೂ ಜೂನ್ ತಿಂಗಳು. ಕರಿಮೆಣಸು ಕುಯ್ಯಲು ಎಂಟು ತಿಂಗಳಾದರೂ ಬೇಕು. ಕುಡುಕರ ಮನೆಯಲ್ಲಿ ಬಾಟಲಿ ಅಡಗಿಸಿಡುವುದನ್ನು ನಾನೂ ಕೇಳಿದ್ದೇನೆ. ಅರವತ್ತೆಂಟು ವರ್ಷದ ಗಂಡನ ಕೈಗೆ ಸಿಗದಂತೆ ಮಮ್ಮಟಿ ಅಡಗಿಸಿಟ್ಟ ಮನೆ ಇಡೀ ಕೊಡಗಿನಲ್ಲಿ ಇದೊಂದೇ ಇರಬೇಕು.

ಸರೋಜಳನ್ನು ದೂರಿ ಪ್ರಯೋಜನವಿಲ್ಲ. ತಪ್ಪು ನನ್ನದು. ಅದನ್ನು ಹೇಳಬೇಕಾದರೆ ಸ್ವಲ್ಪ ಸುತ್ತಿ ಬಳಸಿ ಬರಬೇಕಾಗುತ್ತದೆ. ನನಗೂ ಈಗ ಗುಡ್ಡವನ್ನು ನೇರವಾಗಿ ಹತ್ತಲು ಆಗುವುದಿಲ್ಲ, ಮಂಡಿ ಬಿಡುವುದಿಲ್ಲ.

ನಾನು ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ನಮ್ಮ ಕಡೆ ರೈಟರ್ ಎಂದರೆ ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ನಿಂತು, ಆಳುಗಳನ್ನು ಬ್ಲಾಕು ಬ್ಲಾಕಿಗೆ ಕಳಿಸಿ, ಸಂಜೆಯವರೆಗೆ ಅವರ ಹಿಂದೆ ತಿರುಗುವವನು. ಹೆಚ್ಚುಕಮ್ಮಿ ನಲವತ್ತು ವರ್ಷ ಅದೇ ಮಾಡಿದೆ. ಕಾಫಿ ಗಿಡ ಕಸಿ ಮಾಡಿಸಿದ್ದೇನೆ, ನೆರಳಿನ ಮರ ಸವರಿಸಿದ್ದೇನೆ, ಪಿಕಿಂಗ್ ಮಾಡಿಸಿದ್ದೇನೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಮಾಡಿಸಿದ್ದು ಕಳೆ ಕೀಳುವ ಕೆಲಸ. ಮಳೆಗಾಲದಲ್ಲಿ ಕೊಡಗಿನ ಮಣ್ಣು ಸುಮ್ಮನಿರುವ ಜಾತಿಯದಲ್ಲ. ಇವತ್ತು ಕಿತ್ತ ಕಡೆ ಹದಿನೈದು ದಿನಕ್ಕೆ ಮತ್ತೆ ಹಸಿರು ಏಳುತ್ತದೆ. ಹುಲ್ಲಿಗೂ ನನಗೂ ನಲವತ್ತು ವರ್ಷ ನಡೆದ ಈ ವ್ಯಾಜ್ಯದಲ್ಲಿ ಗೆದ್ದವರು ಯಾರು ಎಂದು ಕೇಳಬೇಡಿ. ನಾನು ರಿಟೈರ್ ಆದೆ, ಹುಲ್ಲು ಆಗಲಿಲ್ಲ.

ಈ ರೋಗ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಮೂರ್ನಾಡಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದರು. ವರ್ಷಕ್ಕೆ ಒಂದು ಸಲ ಕಂಪನಿಯ ದೊಡ್ಡ ದೊರೆ ವಿಜಿಟ್‌ಗೆ ಬರುತ್ತಿದ್ದರು. ಅವರು ಬರುವುದಕ್ಕೆ ವಾರ ಇರುವಾಗಲೇ ಇಡೀ ಎಸ್ಟೇಟಿಗೆ ಜ್ವರ ಬರುತ್ತಿತ್ತು. ದಾರಿಯ ಎರಡೂ ಬದಿಯ ಕಲ್ಲುಗಳಿಗೆ ಸುಣ್ಣ ಬಳಿಯುವುದು, ಬಂಗಲೆಯ ದಿಬ್ಬದ ಮೇಲೆ ಒಂದು ಎಸಳು ಹುಲ್ಲೂ ಇರದಂತೆ ಕೆತ್ತಿ ಕೆಂಪು ಮಣ್ಣನ್ನು ನುಣ್ಣಗೆ ಮಾಡುವುದು. ಆಳುಗಳ ಲೈನುಮನೆಯ ಮಕ್ಕಳಾದ ನಮಗೆ ಕಲ್ಲಿನ ಸಂದಿಯ ಹುಲ್ಲು ಕೀಳುವ ಕೆಲಸ. ನಮ್ಮ ಬೆರಳು ಸಣ್ಣ, ಸಂದಿಗೆ ಹೋಗುತ್ತದೆ ಎಂದು ಅಪ್ಪನ ಲೆಕ್ಕಾಚಾರ. ಕಿತ್ತು ಮುಗಿಸಿದ ಮೇಲೆ ಅವರು ಬಂದು ಕುಕ್ಕುರುಗಾಲಿನಲ್ಲಿ ಕೂತು ಸಂದಿಯಲ್ಲಿ ಬೆರಳು ಆಡಿಸಿ ನೋಡುತ್ತಿದ್ದರು. ಏನೂ ಸಿಗದಿದ್ದರೆ ಒಂದು ಪೆಪ್ಪರ್‌ಮಿಂಟ್. ದೊರೆಯ ಜೀಪು ಮಾತ್ರ ಆ ದಾರಿಯಲ್ಲಿ ನಿಲ್ಲದೆ ಹೋಗಿಬಿಡುತ್ತಿತ್ತು. ಅವರು ಒಂದು ದಿನವೂ ಆ ಕಲ್ಲಿನ ಕಡೆ ನೋಡಿದ್ದು ನನಗೆ ನೆನಪಿಲ್ಲ.

ಆ ಪೆಪ್ಪರ್‌ಮಿಂಟಿನ ರುಚಿ ನಾಲಿಗೆಗೆ ಹತ್ತಿದ್ದು ಇವತ್ತಿಗೂ ಹೋಗಿಲ್ಲ. ಹುಲ್ಲು ಕಂಡರೆ ನನ್ನ ಕೈ ತುರಿಸುತ್ತದೆ. ಮದುವೆ ಮನೆಗೆ ಹೋದರೆ ಚಪ್ಪರದ ಮೂಲೆಯಲ್ಲಿ ಬಗ್ಗಿ ನಾಲ್ಕು ಕಡ್ಡಿ ಕಿತ್ತು ಬರುತ್ತೇನೆ. ಒಮ್ಮೆ ಕೊಡ್ಲಿಪೇಟೆ ಕಡೆ ಸರೋಜಳ ನೆಂಟರ ಮನೆಯಲ್ಲಿ ಸಾವಾಗಿತ್ತು. ಎಲ್ಲರೂ ಒಳಗೆ ಅಳುತ್ತಿದ್ದರು, ನಾನು ಅಂಗಳದ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಪಾಪ, ತುಂಬ ಹಚ್ಚಿಕೊಂಡಿದ್ದರು ಎಂದು ಯಾರೋ ನನಗೆ ನೀರು ತಂದುಕೊಟ್ಟರು. ನಾನು ಅಷ್ಟರಲ್ಲಿ ಅಂಗಳದ ಒಂದು ಬದಿ ಪೂರ್ತಿ ಮುಗಿಸಿದ್ದೆ. ವಾಪಸ್ ಬರುವಾಗ ಸರೋಜ ಬಸ್ಸಿನಲ್ಲಿ ಬೇರೆ ಸೀಟು ಹಿಡಿದು ಕೂತಳು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಇಂಥ ಮನುಷ್ಯನನ್ನು ನಮ್ಮ ಊರಿನವರು ಹುಲ್ಲು ಬೆಳೆಸುವ ಸಮಿತಿಗೆ ಕಾರ್ಯದರ್ಶಿ ಮಾಡಿದರು.

ಮನೆ ಕಟ್ಟಲು ಗುಡ್ಡ ಕಡಿದಾಗ ಹಿಂದೆ ಗೋಡೆಯ ಹಾಗೆ ಉಳಿಯುವ ಇಳಿಜಾರನ್ನು ನಾವು ಬರೆ ಎನ್ನುತ್ತೇವೆ. ಕೊಡಗಿನಲ್ಲಿ ಬರೆ ಇಲ್ಲದ ಮನೆ ಕಡಿಮೆ. ಏಳೆಂಟು ವರ್ಷದ ಹಿಂದೆ ಗುಡ್ಡಗಳು ಒಂದರ ಹಿಂದೆ ಒಂದು ಜಾರಿದ ಆ ಆಗಸ್ಟ್ ತಿಂಗಳವರೆಗೆ ನಾವು ಅದನ್ನು ಗೋಡೆ ಎಂದೇ ತಿಳಿದು, ಅದಕ್ಕೆ ಒರಗಿಸಿ ಸೌದೆ ಪೇರಿಸಿ, ಬಟ್ಟೆ ಒಣಗಿಸಲು ಹಗ್ಗ ಕಟ್ಟಿಕೊಂಡು ಬದುಕಿದ್ದೆವು. ಆ ಆಗಸ್ಟಿನಲ್ಲಿ ನಮ್ಮ ಊರಿಗೆ ದೊಡ್ಡದೇನೂ ಆಗಲಿಲ್ಲ. ಗಿರಿಜಳ ಮನೆಯ ಹಿಂದಿನ ಬರೆಯ ತಲೆಯ ಮೇಲೆ ಒಂದು ಬಿರುಕು ಬಿತ್ತು, ಕಾಲು ತೂರಿಸುವಷ್ಟು ಅಗಲ. ಅಷ್ಟೇ ಸಾಕಾಯಿತು.

ಗಿರಿಜ ನಮ್ಮ ಊರಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುವವಳು. ಗಂಡ ಬಾಡಿಗೆ ಜೀಪು ಓಡಿಸುತ್ತಾನೆ, ಮನೆಯಲ್ಲಿ ಅತ್ತೆ ಇದ್ದಾರೆ. ಬಿರುಕು ಬಿದ್ದ ವರ್ಷದಿಂದ ಪ್ರತಿ ಜೂನಿಗೆ ಅವಳ ಬಾಗಿಲಿಗೆ ನೋಟೀಸು ಬರುತ್ತದೆ, ಮನೆ ಖಾಲಿ ಮಾಡಿ ಕಾಳಜಿ ಕೇಂದ್ರಕ್ಕೆ ಹೋಗಿ ಎಂದು. ಕಾಳಜಿ ಕೇಂದ್ರ ಅದೇ ಶಾಲೆ. ವರ್ಷವಿಡೀ ಮಕ್ಕಳಿಗೆ ಬೇಯಿಸುವ ಒಲೆಯಲ್ಲಿ ಮಳೆಗಾಲದಲ್ಲಿ ಅವಳು ತನಗೂ ತನ್ನಂಥ ಇನ್ನೂ ನಾಲ್ಕು ಮನೆಯವರಿಗೂ ಬೇಯಿಸುತ್ತಾಳೆ. ದೂರದಲ್ಲಿ ಬೇರೆ ಮನೆ ಕೊಡುತ್ತೇವೆ ಎಂದು ಸರಕಾರದವರು ಹೇಳಿದರಂತೆ. ಕೆಲಸವೂ ಇಲ್ಲಿ, ಗದ್ದೆಯೂ ಇಲ್ಲಿ, ಅಲ್ಲಿ ಹೋಗಿ ಎಂತ ಮಾಡುವುದು ಎಂದು ಇವಳು ಒಪ್ಪಲಿಲ್ಲ. ಈ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ಮಲಗಿ ಏಳಬೇಕು ಎಂಬುದೊಂದೇ ಅವಳ ಆಸೆ.

ಕಾಂಕ್ರೀಟು ಗೋಡೆ ಕಟ್ಟೋಣವೆಂದರೆ, ಹತ್ತಿರದಲ್ಲೇ ಎರಡು ಕಡೆ ಬರೆ ಗೋಡೆ ಸಮೇತ ರಸ್ತೆಗೆ ಬಂದಿತ್ತು. ಆಗ ಬಯಲುಸೀಮೆ ಕಡೆಯ ಒಬ್ಬ ಹುಡುಗಿ, ಮಣ್ಣಿನ ವಿಷಯ ಓದಿದವಳು, ಗೋಣಿಚೀಲದಲ್ಲಿ ಲಾವಂಚದ ಬುಡಗಳನ್ನು ತುಂಬಿಕೊಂಡು ನಮ್ಮ ಊರಿಗೆ ಬಂದಳು. ಅವಳಿಗೆ ನಾವು ಇಟ್ಟ ಹೆಸರು ಲಾವಂಚದ ಮೇಡಂ. ಬರೆಯ ಮೇಲೆ ಅಡ್ಡಡ್ಡ ಸಾಲಾಗಿ, ಗೇಣಿಗಿಂತ ಹತ್ತಿರ ನೆಡಬೇಕು. ಬೇರು ನೇರವಾಗಿ ಆಳಕ್ಕೆ, ಆಳೆತ್ತರಕ್ಕೂ ಮೀರಿ ಇಳಿದು ಮಣ್ಣನ್ನು ಹಿಡಿಯುತ್ತದೆ. ಆದರೆ ಅದಕ್ಕೆ ಎರಡು ಮೂರು ವರ್ಷ ಬೇಕು, ಊರವರೇ ಕಾಯಬೇಕು ಎಂದು ವಿವರಿಸಿದಳು. ನನಗೆ ಲಾವಂಚವೆಂದರೆ ಅಮ್ಮ ಬೇಸಿಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಹಾಕುತ್ತಿದ್ದ ಬೇರಿನ ಗಂಟು, ಟ್ರಂಕಿನಲ್ಲಿ ಅವಳ ಒಂದೇ ರೇಷ್ಮೆ ಸೀರೆಯ ಮಡಿಕೆಯಲ್ಲಿದ್ದ ವಾಸನೆ. ಆ ಬೇರಿನ ಮೇಲೆ ಹುಲ್ಲೂ ಇರುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಅದಕ್ಕೆಂದು ಸಮಿತಿ ಮಾಡಿ, ಕಾರ್ಯದರ್ಶಿ ಯಾರು ಎಂಬ ಮಾತು ಬಂದಾಗ, ಆಳುಗಳನ್ನು ಹಿಡಿದು ಕೆಲಸ ಮಾಡಿಸಿ ಗೊತ್ತಿರುವವರು ರೈಟ್ರು ಎಂದು ಎಲ್ಲರೂ ನನ್ನನ್ನು ತೋರಿಸಿದರು. ಅಧ್ಯಕ್ಷರಾದವರು ಬೋಪಯ್ಯನವರು. ಅವರ ತೋಟದಲ್ಲಿ ಒಂದು ಮಳೆಮಾಪಕವಿದೆ. ನಮ್ಮ ಕಡೆ ಆರೋಗ್ಯ ವಿಚಾರಿಸುವುದಕ್ಕೆ ಮೊದಲು ನಿಮ್ಮಲ್ಲಿ ಎಷ್ಟು ಇಂಚು ಎಂದು ಕೇಳುವುದು ರೂಢಿ, ಬೋಪಯ್ಯನವರಲ್ಲಿ ಯಾವತ್ತೂ ಪಕ್ಕದ ತೋಟಕ್ಕಿಂತ ಅರ್ಧ ಇಂಚು ಜಾಸ್ತಿಯೇ ಬಿದ್ದಿರುತ್ತದೆ. ನನ್ನ ಆಯ್ಕೆ ಕೇಳಿ ಅವರು ನಕ್ಕು, ಕಳ್ಳನ ಕೈಗೇ ಬೀಗದಕೈ ಕೊಟ್ಟ ಹಾಗಾಯ್ತು ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಮೊದಲ ದಿನ ಗಿರಿಜಳ ಬರೆಯಲ್ಲಿ ನೆಡುವುದಕ್ಕೆ ಇಡೀ ಊರು ಬಂದಿತ್ತು. ಉಪ್ಪಿಟ್ಟು ಇತ್ತು, ಫೋಟೋ ತೆಗೆಯುವವರು ಇದ್ದರು. ಎರಡನೇ ಸಲಕ್ಕೆ ಉಪ್ಪಿಟ್ಟು ಉಳಿಯಿತು. ಮೂರನೇ ಸಲಕ್ಕೆ ಉಪ್ಪಿಟ್ಟು ಮಾಡಲಿಲ್ಲ. ಎಲ್ಲರಿಗೂ ಅವರವರ ಕೆಲಸ ಇರುತ್ತದೆ, ಒಪ್ಪಿದೆ. ಆದರೆ ಹಾಜರಿ ಕೂಗಿ ಅಭ್ಯಾಸವಾದ ನನಗೆ, ಉತ್ತರ ಬಾರದ ಹೆಸರುಗಳನ್ನು ಮನಸ್ಸಿನಲ್ಲೇ ಕೂಗಿ ಕೂಗಿ ಸಾಕಾಗುತ್ತಿತ್ತು. ಕೊನೆಗೆ ಉಳಿದವರು ಗಿರಿಜ, ಸರೋಜ, ಶಾಲೆಯ ಹತ್ತಿರದ ಇಬ್ಬರು ಹೆಂಗಸರು, ಮತ್ತು ನಾನು. ದನ ನುಗ್ಗಿದರೆ ಓಡಿಸುವುದು, ಸತ್ತ ಬುಡ ಕಿತ್ತು ಹೊಸದು ನೆಡುವುದು, ಮೇಲಿನ ನೀರು ಬಿರುಕಿಗೆ ಇಳಿಯದಂತೆ ಹಳೆಯ ಚರಂಡಿಯ ಕಸ ತೆಗೆಯುವುದು. ಹೀಗೆ ಎರಡು ವರ್ಷ. ಬರೆಯ ಎಡಭಾಗ ಮತ್ತು ನಡುವಿನ ಸಾಲುಗಳನ್ನು ಮೊದಲ ವರ್ಷ ನೆಟ್ಟಿದ್ದೆವು, ಅವು ಸೊಂಟದೆತ್ತರ ಬಂದವು. ಬಲಭಾಗ, ಅಂದರೆ ಗಿರಿಜಳ ಅಡಿಗೆಮನೆಯ ನೇರ ಹಿಂದೆ, ಮರುವರ್ಷ ನೆಟ್ಟದ್ದು. ಅದು ಇನ್ನೂ ಗಿಡ್ಡವಿತ್ತು.

ಹೋದ ವರ್ಷ ಮೇ ತಿಂಗಳ ಕೊನೆಯಲ್ಲಿ ಲಾವಂಚದ ಮೇಡಂ ಫೋನ್ ಮಾಡಿ, ನಮ್ಮ ಬರೆ ನೋಡಲು ದೊಡ್ಡ ಆಫೀಸರು ಬರುತ್ತಾರೆ, ಇನ್ನೂ ಹತ್ತು ಊರಿನಲ್ಲಿ ಹೀಗೆ ಮಾಡಿಸುವ ಯೋಚನೆ ಇದೆ ಎಂದಳು. ವಿಜಿಟ್! ಆ ಮಾತು ಕಿವಿಗೆ ಬಿದ್ದದ್ದೇ ನನಗೆ ಅರವತ್ತು ವರ್ಷ ಹಿಂದಿನ ಜ್ವರ ಬಂತು.

ಆಫೀಸರು ಬರುವ ಮುಂಚಿನ ಎರಡು ದಿನ ಗಿರಿಜ ಅತ್ತೆಯನ್ನೂ ಕರೆದುಕೊಂಡು ತವರಿಗೆ, ಕರಿಕೆಗೆ ಹೋಗಿದ್ದಳು. ನಾನು ಬೆಳಿಗ್ಗೆ ಮಮ್ಮಟಿ ಹಿಡಿದು ಬರೆಯ ಹತ್ತಿರ ಹೋದೆ. ಮುಟ್ಟಿದರೆ ಮುನಿ, ಕಮ್ಯುನಿಸ್ಟ್ ಗಿಡದಂಥ ಕಳೆಯನ್ನಷ್ಟೇ ತೆಗೆಯೋಣವೆಂದು ಶುರು ಮಾಡಿದ್ದು, ದೇವರಾಣೆ. ಬೇಸಿಗೆಯ ಬಿಸಿಲಿಗೆ ಬಲಭಾಗದ ಲಾವಂಚ ಒಣಗಿ ಕಂದಾಗಿ, ಅಲ್ಲಲ್ಲಿ ಬೀಡಾಡಿ ಹುಲ್ಲಿನ ಜೊತೆ ಬೆರೆತು, ನೋಡುವುದಕ್ಕೆ ಗಲೀಜಾಗಿ ಕಾಣುತ್ತಿತ್ತು. ಕೈ ಯಾವಾಗ ಕಳೆಯಿಂದ ಲಾವಂಚಕ್ಕೆ ದಾಟಿತು ಎಂದು ನನಗೆ ಈಗಲೂ ಗೊತ್ತಿಲ್ಲ. ಮಮ್ಮಟಿ ಒಂದು ಲಯಕ್ಕೆ ಬಿದ್ದರೆ ತಲೆ ಕೆಲಸ ಮಾಡುವುದಿಲ್ಲ. ಎರಡು ಬೆಳಿಗ್ಗೆಯಲ್ಲಿ ಬಲಭಾಗ ಪೂರ್ತಿ ಕೆಂಪು ಮಣ್ಣು ಕಾಣುವಂತೆ ಕೆತ್ತಿ, ಮಮ್ಮಟಿಯ ಬೆನ್ನಿನಿಂದ ತಟ್ಟಿ ನುಣ್ಣಗೆ ಮಾಡಿದೆ. ಕೆಳಗೆ ಸಾಲಾಗಿ ಕಲ್ಲು ಜೋಡಿಸಿ ಸುಣ್ಣವನ್ನೂ ಬಳಿದೆ. ಎಡಭಾಗಕ್ಕೆ ಹೋಗುವಷ್ಟರಲ್ಲಿ ಮಂಡಿ ಕೈಕೊಟ್ಟಿತು. ಆ ಮಂಡಿನೋವಿಗೆ ನಾನು ಇವತ್ತಿಗೂ ಋಣಿ.

ಆಫೀಸರು ಬಂದರು. ಬಲಭಾಗ ನೋಡಿ ತುಂಬ ನೀಟಾಗಿದೆ ಎಂದು ಅದರ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡರು. ನನ್ನ ಎದೆ ಉಬ್ಬಿತು. ದೊಡ್ಡ ದೊರೆ ಕೊನೆಗೂ ಜೀಪು ನಿಲ್ಲಿಸಿ ಕಲ್ಲು ನೋಡಿದ್ದರು. ಲಾವಂಚದ ಮೇಡಂ ಮಾತ್ರ ಸುಣ್ಣದ ಕಲ್ಲು ದಾಟಿ ಮೇಲೆ ಹತ್ತಿ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: “ಇಲ್ಲಿದ್ದ ಹುಲ್ಲು ಎಲ್ಲಿ ಸರ್?”

ಆ ಕ್ಷಣದವರೆಗೆ, ನಂಬಿದರೆ ನಂಬಿ, ನಾನು ಏನು ಮಾಡಿದ್ದೇನೆ ಎಂಬುದು ನನಗೆ ತಿಳಿದಿರಲಿಲ್ಲ. ಕಿತ್ತ ಬುಡಗಳೆಲ್ಲ ದಾರಿಯ ಪಕ್ಕ ರಾಶಿಯಾಗಿ ಬಿದ್ದು ಒಣಗಿದ್ದವು. ಬೇರಿನ ವಾಸನೆ ಅಲ್ಲಿಗೂ ಬರುತ್ತಿತ್ತು, ಅಮ್ಮನ ಟ್ರಂಕಿನದೇ ವಾಸನೆ.

ಮೇಡಂ ಬಯ್ಯಲಿಲ್ಲ. ಎಲ್ಲಿಂದಲೋ ಮತ್ತೆ ಎರಡು ಚೀಲ ಬುಡ ತರಿಸಿದಳು. ತವರಿನಿಂದ ಬಂದ ಗಿರಿಜ ಹಿತ್ತಲಿಗೆ ಹೋಗಿ ನೋಡಿ, ಸೀರೆ ಎತ್ತಿ ಕಟ್ಟಿ ನೆಡಲು ಕೂತಳು. ನಾವೂ ಕೂತೆವು. ಆದರೆ ಬೇರಿಗೆ ಎರಡು ವರ್ಷ ಬೇಕು. ಮಳೆ ನಮಗೆ ಬಿಟ್ಟದ್ದು ಎರಡು ವಾರ.

ಜುಲೈಯಲ್ಲಿ ಒಂದು ಬೆಳಿಗ್ಗೆ ಬರೆ ಕುಸಿದು ಬಂತು. ಗಿರಿಜಳ ಮನೆಯವರೆಲ್ಲ ಶಾಲೆಯಲ್ಲಿದ್ದರು, ಯಾರಿಗೂ ಏನೂ ಆಗಲಿಲ್ಲ. ನಾನು ಹೋಗಿ ನೋಡಿದಾಗ ಬಲಭಾಗದ ಮಣ್ಣು, ನಾನು ತಟ್ಟಿ ನುಣ್ಣಗೆ ಮಾಡಿದಷ್ಟೂ, ಅಡಿಗೆಮನೆಯ ಹಿಂದಿನ ಗೋಡೆ ಒಡೆದು ಒಳಗೆ ಕೂತಿತ್ತು. ಒಲೆ ಕಾಣುತ್ತಿರಲಿಲ್ಲ. ಸುಣ್ಣದ ಕಲ್ಲುಗಳಲ್ಲಿ ಒಂದು ಬಾಗಿಲ ಹತ್ತಿರ ಬಿದ್ದಿತ್ತು. ಎಡಭಾಗವೂ ನಡುವೂ ಹಾಗೆಯೇ ನಿಂತಿದ್ದವು, ಹುಲ್ಲು ಮಳೆಯಲ್ಲಿ ಬಗ್ಗಿ ಏಳುತ್ತಿತ್ತು.

ಮರುದಿನ ಸಮಿತಿ ಸೇರಿತು. ರಾಜೀನಾಮೆ ಕೊಡಲು ಹೋದೆ, ಬೈಸಿಕೊಳ್ಳಲು ಹೋದೆ ಎಂದರೂ ಸರಿಯೇ. ಯಾರೂ ಬಯ್ಯಲಿಲ್ಲ. ಒಬ್ಬರು ಆ ಜಾಗದ ಮಣ್ಣೇ ಸರಿ ಇಲ್ಲ ಎಂದರು. ಇನ್ನೊಬ್ಬರು ಮೇಲಿನ ತೋಟದವರ ಚರಂಡಿಯ ಮೇಲೆ ಹಾಕಿದರು. ಬೋಪಯ್ಯನವರು ತಮ್ಮ ಮಳೆಮಾಪಕದ ಲೆಕ್ಕಕ್ಕೆ, ನನಗಾಗಿ, ಇನ್ನೂ ಎರಡು ಇಂಚು ಸೇರಿಸಿದರು. ಒಳ್ಳೆಯ ಜನ. ಆದರೆ ಅಷ್ಟೊಂದು ಒಳ್ಳೆಯತನವನ್ನು ಹೊತ್ತು ಮನೆಗೆ ಬರುವಾಗ ನನಗೆ ಆದ ಆಯಾಸ ನಲವತ್ತು ವರ್ಷದ ಎಸ್ಟೇಟು ಕೆಲಸದಲ್ಲೂ ಆಗಿರಲಿಲ್ಲ. ನಾನೇ ಮಾಡಿದ್ದು ಎಂದು ಗಟ್ಟಿಯಾಗಿ ಹೇಳಿದೆ. ಬಿಡಿ ರೈಟ್ರೆ, ಚಾ ಕುಡೀರಿ ಎಂದರು.

ಗಿರಿಜ ಚಾ ಕೊಡಲಿಲ್ಲ. ಮಳೆ ಸ್ವಲ್ಪ ಬಿಟ್ಟಾಗ ಬನ್ನಿ ಎಂದು ಕರೆದುಕೊಂಡು ಹೋಗಿ ಹಿತ್ತಲಿನಲ್ಲಿ ನಿಲ್ಲಿಸಿದಳು. ಜಾರಿದ ಮಣ್ಣು ನಡುವಿನ ಸಾಲಿನ ಅಂಚಿಗೆ ಬಂದು ಕತ್ತರಿಸಿದ ಹಾಗೆ ನಿಂತಿತ್ತು. ಅಲ್ಲಿ ಲಾವಂಚದ ಬೇರುಗಳು ಬಿಳಿಬಿಳಿಯಾಗಿ ಗಾಳಿಯಲ್ಲಿ ಇಳಿಬಿದ್ದಿದ್ದವು, ನನ್ನ ಎದೆಯ ಮಟ್ಟಕ್ಕೆ.

“ಇದ್ರಿಂದ ಆಚೆ ನಾವು ಮಲಗೋ ಕೋಣೆ ಉಂಟು ರೈಟ್ರೆ,” ಎಂದಳು. “ಅಡಿಗೆಮನೆ ಹೋಯ್ತು, ನಂಗೆ ಬೇಜಾರುಂಟು. ಇಲ್ಲಾಂತ ಸುಳ್ಳು ಹೇಳೋದಿಲ್ಲ. ಆದ್ರೆ ಹುಲ್ಲು ನಿಲ್ತದೆ ಅಂತ ನಂಗೆ ನಂಬಿಕೆ ಇರ್ಲಿಲ್ಲ. ಈಗ ಬಂತು.”

ಬೇಜಾರುಂಟು ಎಂದಳಲ್ಲ, ಆ ಒಂದು ಮಾತಿಗೆ ನನ್ನ ಕಣ್ಣು ತುಂಬಿತು. ಇಡೀ ಊರಿನಲ್ಲಿ ನನ್ನನ್ನು ತಪ್ಪು ಮಾಡಿದ ಮನುಷ್ಯನೆಂದು ಗೌರವಿಸಿದವಳು ಅವಳೊಬ್ಬಳೇ. ಮನೆಗೆ ಬಂದು ಮಮ್ಮಟಿ ತೊಳೆದಿಟ್ಟೆ. ಸರೋಜ ಅದನ್ನು ಒರೆಸಿ, ಎಣ್ಣೆ ಸವರಿ, ಅಟ್ಟಕ್ಕೆ ಹಾಕಿದಳು.

ಆಮೇಲೆ ಒಂದು ವರ್ಷ ಹೇಗೋ ಕಳೆಯಿತು. ಊರವರು ಸೇರಿ ಮಣ್ಣು ತೆಗೆದರು, ಅಡಿಗೆಮನೆಯನ್ನು ಮನೆಯ ಮುಂಭಾಗಕ್ಕೆ ಕಟ್ಟಿದರು. ಬಲಭಾಗದ ಗಾಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡಿ ಮತ್ತೆ ಲಾವಂಚ ನೆಟ್ಟೆವು. ಈ ಸಲ ಉಪ್ಪಿಟ್ಟಿಲ್ಲದೆಯೂ ಹದಿನೈದು ಇಪ್ಪತ್ತು ಜನ ಬಂದರು, ಬರೆ ಕುಸಿದ ಕಡೆಗೂ ನಿಂತ ಕಡೆಗೂ ನಡುವಿನ ಗೆರೆಯನ್ನು ಎಲ್ಲರೂ ಕಣ್ಣಾರೆ ನೋಡಿದ್ದರಲ್ಲ. ಯಾರಾದರೂ ಹೊಸಬರು ಬಂದು ಲಾವಂಚದಿಂದ ಏನಾಗುತ್ತದೆ ಎಂದು ಕೇಳಿದರೆ ಈಗಲೂ ಆ ಗೆರೆಯನ್ನೇ ತೋರಿಸುತ್ತಾರೆ. ಆ ಕಡೆ ಯಾಕೆ ಹುಲ್ಲಿರಲಿಲ್ಲ ಎಂಬುದನ್ನು ನಾನೇ ಹೇಳುತ್ತೇನೆ. ಹೇಳಿ ಹೇಳಿ ಬಾಯಿಪಾಠವಾಗಿದೆ.

ದಣಿವಾಗಿದೆ, ನಿಜ. ಮೊದಲೆಲ್ಲ ಜೂನ್ ಎಂದರೆ ಗದ್ದೆಯ ವಾಸನೆ, ಏಡಿ ಸಾರು, ಹೊದ್ದು ಮಲಗುವ ಸುಖ. ಈಗ ಮೋಡ ಕಟ್ಟಿದರೆ ಊರಿಗೆ ಊರೇ ಮೇಲೆ ನೋಡುವುದನ್ನು ಬಿಟ್ಟು ಮನೆಯ ಹಿಂದೆ ನೋಡುತ್ತದೆ. ನೆಟ್ಟದ್ದು ಬೇರು ಬಿಡುವವರೆಗೆ ನಾನಿರುತ್ತೇನೋ ಇಲ್ಲವೋ. ಮಳೆಯನ್ನು ಪ್ರೀತಿಸಿ ಬೆಳೆದವರಿಗೆ ಮಳೆಗೆ ಹೆದರಲು ಕಲಿಯುವುದು ಬಹಳ ಸುಸ್ತಿನ ಕೆಲಸ.

ಮೊನ್ನೆ ನೋಟೀಸು ಬಂತು. ಗಿರಿಜ ಅತ್ತೆಯನ್ನು ಜೀಪಿನಲ್ಲಿ ಕೂರಿಸಿ, ಅಕ್ಕಿ ಚೀಲ, ಕಂಬಳಿ, ಕಾಗದಪತ್ರದ ಪೆಟ್ಟಿಗೆ ಇಟ್ಟು, ನಮ್ಮ ಮನೆಯ ಮುಂದೆ ಜೀಪು ನಿಲ್ಲಿಸಲು ಗಂಡನಿಗೆ ಹೇಳಿದಳು. ಏಳನೆಯದೋ ಎಂಟನೆಯದೋ ಸಲ ಮನೆ ಬಿಡುತ್ತಿರುವ ಅವಳ ಮುಖದಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅಂಗಳಕ್ಕೆ ಬಂದು ಬಾಗಿಲ ಬೀಗದಕೈಯನ್ನು ನನ್ನ ಕೈಗೆ ಕೊಟ್ಟಳು. ಸಮಿತಿಯಲ್ಲಿ ಇನ್ನೂ ಇಷ್ಟು ಜನರಿದ್ದಾರೆ, ಬೋಪಯ್ಯನವರಿಗೆ ಕೊಡು ಎಂದೆ.

“ಅವ್ರು ಇಂಚು ನೋಡ್ತಾರೆ, ಬರೆ ನೋಡೋದಿಲ್ಲ,” ಎಂದಳು. “ನೀವು ಬೆಳಿಗ್ಗೆ ಒಂದು ಸಲ ಹಿತ್ತಲಿಗೆ ಹೋಗಿ ನೋಡಿ. ಬಿರುಕು ಕಂಡ್ರೆ ಫೋನ್ ಮಾಡಿ.”

ಆಯಿತು ಎಂದೆ. ಜೀಪಿನವರೆಗೆ ಹೋದವಳು ಮತ್ತೆ ತಿರುಗಿ ಬಂದಳು.

“ಮನೆ ಒಳಗೆ ಬೇಕಾದ್ರೆ ಗುಡಿಸಿ ರೈಟ್ರೆ. ಹಿಂದೆ ಮಾತ್ರ ಕ್ಲೀನ್ ಮಾಡ್ಬೇಡಿ.”